ಲೋಹಶೋಧಕದ ಚೇತರಿಕೆಯ ವೇಗ: ಹುಕ್ಕೇರಿಯ ಎರೆನೆಲವನ್ನು ಕುರಿತು ಒಂದು ವಿವೇಚನೆ

ಹುಕ್ಕೇರಿಯ ಆದಿಲ್‌ಶಾಹಿ ಕಾಲದ ಗುಮ್ಮಟಗಳನ್ನು ನೋಡಲು ಹೋದವರು ಸುತ್ತಲಿನ ಹೊಲಗಳನ್ನೂ ಗಮನಿಸಿರಬಹುದು. ತಲೆಮಾರುಗಳಿಂದ ಉತ್ತು ಬಿತ್ತಿದ ಇಂಥ ನೆಲದಲ್ಲಿ ಎತ್ತಿನ ಲಾಳದ ಮೊಳೆ, ನೇಗಿಲ ಕುಳದ ಚೂರು, ಬಂಡಿಯ ಗಾಲಿಯ ಹಳಿಯ ತುಣುಕು ಸೇರಿಕೊಂಡಿರುವುದು ಸಹಜ. ಇವುಗಳ ನಡುವೆ ಹಳೆಯ ನಾಣ್ಯವೊಂದು ಹುದುಗಿದ್ದರೆ ಲೋಹಶೋಧಕವು ಅದನ್ನು ತೋರಿಸಬಲ್ಲುದೇ? ಉತ್ತರವು ಬಹುಮಟ್ಟಿಗೆ ಯಂತ್ರದ ಒಂದು ಗುಣವನ್ನು ಅವಲಂಬಿಸಿದೆ. ತಯಾರಕರು ‘ರಿಕವರಿ ಸ್ಪೀಡ್’ ಎನ್ನುವ ಈ ಗುಣವನ್ನು ನಾವು ಚೇತರಿಕೆಯ ವೇಗವೆಂದು ಕರೆಯೋಣ.

ಶೋಧಕದ ಸುರುಳಿಯಲ್ಲಿ ಹರಿಯುವ ಪರ್ಯಾಯ ವಿದ್ಯುತ್ತು ನೆಲದೊಳಗೆ ಬದಲಾಗುವ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಆ ಕ್ಷೇತ್ರಕ್ಕೆ ಸಿಕ್ಕ ಲೋಹದಲ್ಲಿ ಸುಳಿಪ್ರವಾಹಗಳು ಹುಟ್ಟುತ್ತವೆ. ಅವುಗಳ ಪ್ರತಿಕ್ಷೇತ್ರವನ್ನು ಇನ್ನೊಂದು ಸುರುಳಿ ಗ್ರಹಿಸುತ್ತದೆ. ಹೀಗೆ ದೊರೆತ ಸಂಕೇತವು ಶೋಧನೆಗೊಂಡು ಧ್ವನಿಯಾಗಿ ಕಿವಿಗೆ ಬೀಳಲು ಅಲ್ಪ ಕಾಲ ಹಿಡಿಯುತ್ತದೆ. ಒಂದು ವಸ್ತುವಿಗೆ ಸ್ಪಂದಿಸಿದ ಯಂತ್ರವು ಮತ್ತೆ ಮೊದಲ ಸ್ಥಿತಿಗೆ ಮರಳಿ, ಮುಂದಿನ ವಸ್ತುವನ್ನು ಬೇರೆಯಾಗಿ ತಿಳಿಸಲು ಎಷ್ಟು ಬೇಗ ಸಿದ್ಧವಾಗುತ್ತದೆಂಬುದೇ ಚೇತರಿಕೆಯ ವೇಗ.

ಒಂದು ಸರಳ ಲೆಕ್ಕದಿಂದ ಇದು ವಿಶದವಾಗುತ್ತದೆ. ಮೊಳೆಗೂ ನಾಣ್ಯಕ್ಕೂ ನಡುವೆ 5 ಸೆಂಟಿಮೀಟರ್ ಅಂತರವಿದೆಯೆಂದು ಭಾವಿಸೋಣ. ಸುರುಳಿಯನ್ನು ಸೆಕೆಂಡಿಗೆ 1 ಮೀಟರಿನಂತೆ ಬೀಸಿದರೆ ಅದು ಒಂದರಿಂದ ಇನ್ನೊಂದನ್ನು ತಲುಪಲು 50 ಮಿಲಿಸೆಕೆಂಡು ಸಾಕು. ಯಂತ್ರದ ಚೇತರಿಕೆಗೆ 100 ಮಿಲಿಸೆಕೆಂಡು ಬೇಕಾದರೆ ಎರಡು ಸಂಕೇತಗಳೂ ಬೆರೆತುಹೋಗುತ್ತವೆ. ಕಬ್ಬಿಣವನ್ನು ಅಲಕ್ಷಿಸುವಂತೆ ಯಂತ್ರವನ್ನು ಅಳವಡಿಸಿದ್ದರೆ ಮೊಳೆಯೊಡನೆ ನಾಣ್ಯವೂ ಮೌನದಲ್ಲಿ ಮುಚ್ಚಿಹೋಗುತ್ತದೆ. ಚೇತರಿಕೆಯನ್ನು ಚುರುಕುಗೊಳಿಸುವುದು, ಇಲ್ಲವೆ ಬೀಸನ್ನು ಅರ್ಧಕ್ಕೆ ಇಳಿಸುವುದು, ಇವೆರಡೇ ಇಲ್ಲಿಯ ಮೊದಲ ಉಪಾಯಗಳು.

ಹಾಗಾದರೆ ಯಾವಾಗಲೂ ಅತ್ಯಂತ ಚುರುಕಾದ ಚೇತರಿಕೆಯನ್ನೇ ಏಕೆ ಇಟ್ಟುಕೊಳ್ಳಬಾರದು? ಆಳದ ವಸ್ತುವಿನ ಸಂಕೇತವು ದುರ್ಬಲವೂ ಅಗಲವೂ ಆಗಿರುತ್ತದೆ. ಸುರುಳಿಯ ಗಾತ್ರಕ್ಕಿಂತ ಬಹಳ ಹೆಚ್ಚಿನ ದೂರದಲ್ಲಿರುವ ಚಿಕ್ಕ ವಸ್ತುವಿನ ಸಂಕೇತವು ಸರಿಸುಮಾರು ದೂರದ ಆರನೆಯ ಘಾತಕ್ಕೆ ವಿಲೋಮವಾಗಿ ಕುಗ್ಗುತ್ತದೆ. ದೂರ ಇಮ್ಮಡಿಯಾದರೆ ಸಂಕೇತವು ಅರುವತ್ತನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ. ಇಂಥ ಸಂಕೇತವನ್ನು ಗದ್ದಲದಿಂದ ಬೇರ್ಪಡಿಸಲು ಯಂತ್ರಕ್ಕೆ ಕಾಲಾವಕಾಶ ಬೇಕು. ಚುರುಕಾದ ಚೇತರಿಕೆ ಆ ಅವಕಾಶವನ್ನೇ ಕಿತ್ತುಕೊಳ್ಳುತ್ತದೆ. ಚುರುಕು ಚೇತರಿಕೆಯೊಡನೆ ತೀರ ನಿಧಾನವಾದ ಬೀಸೂ ಸಲ್ಲದು. ನಿಧಾನವಾಗಿ ಏರಿಳಿಯುವ ಸಂಕೇತವನ್ನು ಯಂತ್ರವು ನೆಲದ್ದೆಂದು ಎಣಿಸಿ ತಳ್ಳಿಹಾಕಬಹುದು.

ಮಣ್ಣಿನ ಗುಣವನ್ನೂ ಗಣಿಸಬೇಕು. ಹುಕ್ಕೇರಿಯ ಸುತ್ತಿನ ಎರೆಮಣ್ಣು ದಖ್ಖನಿನ ಬಸಾಲ್ಟ್ ಶಿಲೆ ಶಿಥಿಲವಾಗಿ ಉಂಟಾದುದು. ಈ ಶಿಲೆಯ ಕಾಂತೀಯ ಕಬ್ಬಿಣದ ಆಕ್ಸೈಡುಗಳು ಮಣ್ಣಿನಲ್ಲಿಯೂ ಉಳಿದಿರುವುದರಿಂದ ನೆಲವೇ ಒಂದು ಸಂಕೇತವನ್ನು ಕೊಡುತ್ತದೆ. ಇಲ್ಲಿ ನೆಲದ ಸಮತೋಲವನ್ನು ಮೊದಲು ಸರಿಪಡಿಸಿ, ಚೇತರಿಕೆಯನ್ನು ಚುರುಕಾಗಿಡುವುದು ಸಾಮಾನ್ಯವಾಗಿ ಲಾಭಕರ. ಗೋಕಾಕ ಜಲಪಾತದ ಬಳಿಯ ಮರಳುಗಲ್ಲಿನಿಂದಾದ ಮಣ್ಣಿನಂಥ ಶಾಂತ ನೆಲದಲ್ಲಿ, ಕಬ್ಬಿಣದ ಚೂರುಗಳು ವಿರಳವಾಗಿದ್ದರೆ, ನಿಧಾನ ಚೇತರಿಕೆಯಿಂದ ಹೆಚ್ಚು ಆಳ ಲಭಿಸುತ್ತದೆ. ಒಂದೇ ಜಿಲ್ಲೆಯ ಎರಡು ನೆಲಗಳಿಗೆ ಒಂದೇ ಅಳವಡಿಕೆ ಸಾಲದು.

ವಸ್ತುವಿನ ಆಕಾರವೂ ಕಷ್ಟವನ್ನು ಹೆಚ್ಚಿಸಬಹುದು. ವಿಜಯನಗರದ ಚಿನ್ನದ ವರಹದ ತೂಕ ಸುಮಾರು 3.4 ಗ್ರಾಂ; ಹಣವೆಂಬ ನಾಣ್ಯ ಅದರ ಹತ್ತನೆಯ ಒಂದು ಪಾಲು ಮಾತ್ರ. ಆದಿಲ್‌ಶಾಹಿಗಳ ಲಾರಿನ್ ನಾಣ್ಯವಾದರೋ ಮಡಿಸಿದ ಬೆಳ್ಳಿಯ ತಂತಿ. ಸುಳಿಪ್ರವಾಹ ವಿಸ್ತಾರವಾಗಿ ಹರಿಯಲು ಅದರಲ್ಲಿ ಎಡೆಯಿಲ್ಲ. ದುಂಡು ನಾಣ್ಯವನ್ನು ಸುಲಭವಾಗಿ ತೋರಿಸಿದ ಯಂತ್ರವು ಇವುಗಳ ಮೇಲೆ ಸದ್ದಿಲ್ಲದೆ ಹಾದುಹೋಗಬಹುದು.

ವಿದ್ಯಾರ್ಥಿಗಳು ಕಾಲೇಜಿನ ಆವರಣದಲ್ಲಿಯೇ, ಅನುಮತಿ ಪಡೆದು, ಇದನ್ನು ಪರೀಕ್ಷಿಸಬಹುದು. ಇಂದಿನ ನಾಣ್ಯವೊಂದನ್ನೂ ಮೊಳೆಯನ್ನೂ 10 ಸೆಂಟಿಮೀಟರ್ ಆಳದಲ್ಲಿ, 5 ಸೆಂಟಿಮೀಟರ್ ಅಂತರದಲ್ಲಿ ಹೂಳಬೇಕು. ಚೇತರಿಕೆಯ ಒಂದೊಂದು ಅಳವಡಿಕೆಯಲ್ಲಿಯೂ ಬೀಸಿನ ವೇಗವನ್ನು ಬದಲಿಸಿ ಫಲವನ್ನು ಬರೆದುಕೊಳ್ಳಬೇಕು. ಅವೆರಡನ್ನು ಸೇರಿಸುವ ರೇಖೆಯ ಗುಂಟ ಒಮ್ಮೆ, ಅದಕ್ಕೆ ಅಡ್ಡಲಾಗಿ ಇನ್ನೊಮ್ಮೆ ಬೀಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಡ್ಡ ಬೀಸಿನಲ್ಲಿ ಎರಡೂ ಏಕಕಾಲಕ್ಕೆ ಸುರುಳಿಯ ಕೆಳಗೆ ಬರುವುದರಿಂದ ಚೇತರಿಕೆ ಎಷ್ಟೇ ಚುರುಕಾಗಿದ್ದರೂ ನೆರವಾಗದು. ಆಗ ಚಿಕ್ಕ ಸುರುಳಿಯೇ ಗತಿ. ಆದುದರಿಂದ ಯಾವ ಹೊಲವನ್ನಾದರೂ ಎರಡು ದಿಕ್ಕುಗಳಲ್ಲಿ ಶೋಧಿಸತಕ್ಕದ್ದು.

1881ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅಮೆರಿಕದ ಅಧ್ಯಕ್ಷ ಗಾರ್‌ಫೀಲ್ಡರ ದೇಹದಲ್ಲಿದ್ದ ಗುಂಡನ್ನು ಇಂಥದೇ ತತ್ತ್ವದ ಯಂತ್ರದಿಂದ ಹುಡುಕಿ ವಿಫಲನಾದನು. ಹಾಸಿಗೆಯ ಉಕ್ಕಿನ ಸ್ಪ್ರಿಂಗುಗಳು ಅದಕ್ಕೆ ಒಂದು ಕಾರಣವೆಂದು ಹೇಳುತ್ತಾರೆ. ಸಮೀಪದ ಲೋಹವು ಬೇಕಾದ ಲೋಹವನ್ನು ಮರೆಮಾಡುವ ತೊಡಕು ಇಂದಿಗೂ ತಪ್ಪಿಲ್ಲ. ರಸ್ತೆಗಾಗಿಯೋ ಕಾಲುವೆಗಾಗಿಯೋ ಅಗೆಯುವ ಮುನ್ನ “ಇಲ್ಲಿ ಏನೂ ಇಲ್ಲ” ಎಂದು ವರದಿ ಬರೆದರೆ, ಆ ಒಂದು ವಾಕ್ಯದಿಂದ ಊರಿನ ಚರಿತ್ರೆಯ ಸಾಕ್ಷ್ಯವೇ ಅಳಿದುಹೋಗಬಹುದು. ಆದುದರಿಂದ ವರದಿಯಲ್ಲಿ ಯಂತ್ರದ ಮಾದರಿ, ಸುರುಳಿಯ ಅಳತೆ, ಚೇತರಿಕೆಯ ಅಳವಡಿಕೆ, ಬೀಸಿನ ವೇಗ ಮತ್ತು ದಿಕ್ಕುಗಳನ್ನು ದಾಖಲಿಸುವುದು ಅವಶ್ಯ. ಚೇತರಿಕೆಯ ಅಂಕಿಗಳು ತಯಾರಕರಿಂದ ತಯಾರಕರಿಗೆ ಬೇರೆಯಾಗಿರುವುದರಿಂದ ಬರಿಯ ಅಂಕಿ ಸಾಲದು.

ಕೊನೆಯದಾಗಿ, ಪತ್ತೆಮಾಡುವುದು ಬೇರೆ, ಅಗೆಯುವುದು ಬೇರೆ. ಸಂರಕ್ಷಿತ ಪ್ರದೇಶಗಳಲ್ಲಿ ಅನುಮತಿಯಿಲ್ಲದ ಉತ್ಖನನವನ್ನು 1958ರ ಕೇಂದ್ರ ಅಧಿನಿಯಮವು ನಿಷೇಧಿಸುತ್ತದೆ. ಸಂಕೇತ ದೊರೆತ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ ಪುರಾತತ್ತ್ವ ಇಲಾಖೆಗೆ ತಿಳಿಸುವುದೇ ವಿದ್ಯಾರ್ಥಿಯ ಧರ್ಮ. ಸಂಕೇತ ದೊರೆಯದ ಜಾಗದ ವಿಷಯದಲ್ಲಿ ಹೇಳಬಹುದಾದುದು ಇಷ್ಟೇ: ಈ ಯಂತ್ರದಿಂದ, ಈ ಅಳವಡಿಕೆಯಲ್ಲಿ, ಏನೂ ಕೇಳಿಬರಲಿಲ್ಲ.