ಬಿ.ಕಾಂ. ಹುಡುಗನಿಗೆ ಪರಿಸರದ ಪಾಠವೇಕೆ?

ಲೆಕ್ಕಪತ್ರ ಕಲಿಯಲು ಬಂದ ಬಿ.ಕಾಂ. ವಿದ್ಯಾರ್ಥಿಗೆ ಪರಿಸರ ಅಧ್ಯಯನ ಯಾಕೆ? ಕಂಪ್ಯೂಟರ್ ಕಲಿಯಲೆಂದು ಬಿ.ಸಿ.ಎ. ಸೇರಿದ ಹುಡುಗಿ ಸಂವಿಧಾನ ಓದಿ ಏನು ಮಾಡಬೇಕು? ಬಿ.ಎಸ್ಸಿ. ತರಗತಿಯಲ್ಲಿ ಭಾಷಾ ಪತ್ರಿಕೆಗೇನು ಕೆಲಸ? ಕಾಲೇಜು ಆರಂಭವಾಗುತ್ತಿದ್ದಂತೆ ಮಕ್ಕಳಷ್ಟೇ ಅಲ್ಲ, ಶುಲ್ಕ ಕಟ್ಟುವ ತಂದೆ-ತಾಯಿಯರೂ ಕೇಳುವ ಪ್ರಶ್ನೆಗಳಿವು. 'ಅದರಲ್ಲಿ ಪಾಸಾದರೆ ಸಾಕು ಬಿಡು' ಎಂಬ ಸಮಾಧಾನವೂ ಮನೆಯಲ್ಲೇ ಸಿದ್ಧವಾಗಿರುತ್ತದೆ.

ಈ ಸಮಾಧಾನ ದುಬಾರಿಯಾದದ್ದು. ಮುಖ್ಯ ವಿಷಯದಲ್ಲಿ ಒಳ್ಳೆಯ ಅಂಕ ಪಡೆದೂ ಒಂದು ಕಡ್ಡಾಯ ಪತ್ರಿಕೆ ಬಾಕಿ ಉಳಿದರೆ ಪದವಿ ಕೈಗೆ ಬರುವುದಿಲ್ಲ. ಸ್ನಾತಕೋತ್ತರ ಪ್ರವೇಶ, ಸಿಕ್ಕ ನೌಕರಿ ಎರಡೂ ಅದಕ್ಕಾಗಿ ಕಾಯಬೇಕು. ಇದು ಕಣ್ಣಿಗೆ ಕಾಣುವ ನಷ್ಟ. ಕಾಣದ ನಷ್ಟ ಇನ್ನೂ ದೊಡ್ಡದು.

ಯುದ್ಧ ಕಲಿಸಿದ ಪಾಠ

ಪದವಿಯ ವಿದ್ಯಾರ್ಥಿ ತನ್ನ ವಿಷಯದ ಆಚೆಗೂ ಒಂದಿಷ್ಟು ಓದಲೇಬೇಕು ಎಂಬ ನಿಯಮಕ್ಕೆ 'ಸಾಮಾನ್ಯ ಶಿಕ್ಷಣ' ಎಂದು ಹೆಸರು. ಅದರ ಇತಿಹಾಸ ಕುತೂಹಲಕರ. 19ನೇ ಶತಮಾನದ ಕೊನೆಯಲ್ಲಿ ಅಮೆರಿಕದ ಹಾರ್ವರ್ಡ್‌ನಲ್ಲಿ ಅಧ್ಯಕ್ಷ ಚಾರ್ಲ್ಸ್ ಎಲಿಯಟ್ ಕಡ್ಡಾಯ ಪಾಠಗಳನ್ನು ಸಡಿಲಿಸಿ, ಬೇಕಾದುದನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಕೊಟ್ಟರು. ಆಯ್ಕೆಯೇನೋ ಹಿಗ್ಗಿತು; ಆದರೆ ಎಲ್ಲ ಪದವೀಧರರಿಗೂ ಗೊತ್ತಿರಬೇಕಾದದ್ದು ಏನು ಎಂಬ ಪ್ರಶ್ನೆ ಉಳಿಯಿತು.

ಮೊದಲ ಮಹಾಯುದ್ಧ ಮುಗಿದ ಮರುವರ್ಷ, 1919ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜು ತನ್ನ ವಿದ್ಯಾರ್ಥಿಗಳಿಗೆಲ್ಲ ಸಮಕಾಲೀನ ನಾಗರಿಕತೆಯ ಪಾಠವನ್ನು ಆರಂಭಿಸಿತು. ಯುದ್ಧ ಮತ್ತು ಶಾಂತಿಯ ಪ್ರಶ್ನೆಗಳು ಎಲ್ಲರಿಗೂ ಸೇರಿದವು ಎಂಬ ಅರಿವು ಅದರ ಹಿಂದಿತ್ತು. ಎರಡನೇ ಮಹಾಯುದ್ಧ ಮುಗಿದ 1945ರಲ್ಲಿ ಹಾರ್ವರ್ಡ್ ಕೂಡ ಸಾಮಾನ್ಯ ಶಿಕ್ಷಣದ ಬಗ್ಗೆ ಪ್ರಸಿದ್ಧ ವರದಿಯೊಂದನ್ನು ಹೊರತಂದಿತು.

ಭಾರತದಲ್ಲೂ ಇದೇ ಯೋಚನೆ ತಡವಾಗಲಿಲ್ಲ. 1948ರಲ್ಲಿ ನೇಮಕಗೊಂಡ ಡಾ. ಎಸ್. ರಾಧಾಕೃಷ್ಣನ್ ಅಧ್ಯಕ್ಷತೆಯ ವಿಶ್ವವಿದ್ಯಾಲಯ ಶಿಕ್ಷಣ ಆಯೋಗ, ಒಂದೇ ವಿಷಯಕ್ಕೆ ಅತಿಯಾಗಿ ಅಂಟಿಕೊಳ್ಳುವ ಓದನ್ನು ತಿದ್ದಲು ಸಾಮಾನ್ಯ ಶಿಕ್ಷಣವನ್ನು ಬೇಗನೆ ಜಾರಿಗೆ ತರಬೇಕೆಂದು ಶಿಫಾರಸು ಮಾಡಿತು. ಇಂದಿಗೂ ಐ.ಐ.ಟಿ.ಗಳಲ್ಲಿ ಬಿ.ಟೆಕ್. ಓದುವವರು ಮಾನವಿಕ ಹಾಗೂ ಸಮಾಜ ವಿಜ್ಞಾನದ ಕೆಲವು ಪಾಠಗಳನ್ನು ಓದಲೇಬೇಕು.

ನ್ಯಾಯಾಲಯದಿಂದ ಬಂದ ವಿಷಯ

ಪರಿಸರ ಅಧ್ಯಯನ ಬಂದ ದಾರಿ ಇನ್ನೂ ವಿಶೇಷ. ವಕೀಲ ಎಂ.ಸಿ. ಮೆಹ್ತಾ ಸಲ್ಲಿಸಿದ್ದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರ ನವೆಂಬರ್‌ನಲ್ಲಿ ತೀರ್ಪು ನೀಡಿ, ಶಾಲೆ-ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕೆಂದಿತು. ಅದು ಕಾರ್ಯರೂಪಕ್ಕೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು. ಕೊನೆಗೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯು.ಜಿ.ಸಿ.) ಎಲ್ಲ ಪದವಿಗಳಿಗೂ ಆರು ತಿಂಗಳ ಪಠ್ಯಕ್ರಮ ರೂಪಿಸಿತು. ಅದಕ್ಕೆ ಪಠ್ಯಪುಸ್ತಕ ಬರೆದ ಎರಾಕ್ ಭರೂಚಾ ವೃತ್ತಿಯಲ್ಲಿ ಪುಣೆಯ ಶಸ್ತ್ರಚಿಕಿತ್ಸಕರು! ಕತ್ತರಿ ಹಿಡಿಯುವ ಕೈಗೆ ಕಾಡಿನ ಚಿಂತೆ ಯಾಕೆ ಎಂದು ಕೇಳುವವರಿಗೆ ಇದಕ್ಕಿಂತ ಉತ್ತರ ಬೇಕೆ?

ಕನ್ನಡಿಗರಿಗೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ಎಂಜಿನಿಯರಿಂಗ್ ಓದಲು ಪುಣೆಗೆ ಹೋಗುವ ಮೊದಲು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿದ್ದರು. ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ವಿಜ್ಞಾನಿಗೆ ಭಾಷೆ ಭಾರವಾಗಲಿಲ್ಲ. ಅದು ಅವರ ವಿಜ್ಞಾನವನ್ನು ಸಾಮಾನ್ಯ ಓದುಗರ ಮನೆಗೆ ಒಯ್ದಿತು.

ಅಣ್ಣನ ನಿಯಮ ತಂಗಿಗಿಲ್ಲ

ಯು.ಜಿ.ಸಿ. 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಅದರಲ್ಲಿ ಮುಖ್ಯ ವಿಷಯಕ್ಕೆ ಕನಿಷ್ಠ 60, ಅಂದರೆ ಅರ್ಧ. ಉಪ ವಿಷಯಕ್ಕೆ 24, ಬೇರೆ ಜ್ಞಾನಶಾಖೆಗಳಿಗೆ 9, ಭಾಷಾ ಸಾಮರ್ಥ್ಯಕ್ಕೆ 8, ಕೌಶಲಕ್ಕೆ 9. ಪರಿಸರ ಮೊದಲಾದ ಮೌಲ್ಯವರ್ಧಿತ ಪಾಠಗಳಿಗೆ 6ರಿಂದ 8.

ಕರ್ನಾಟಕದಲ್ಲಿ ನಿಯಮಗಳು ಬೇಗ ಬೇಗ ಬದಲಾಗಿವೆ. 2021-22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷದ ಆನರ್ಸ್ ಅವಕಾಶ, ಮುಕ್ತ ಐಚ್ಛಿಕ ವಿಷಯಗಳು ಬಂದವು. ಆಗ ಕನ್ನಡವನ್ನು ಕಡ್ಡಾಯ ಮಾಡಿದ್ದು ಹೈಕೋರ್ಟ್ ಮೆಟ್ಟಿಲೇರಿತು. 2024-25ರಿಂದ ರಾಜ್ಯ ಸರ್ಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಹೀಗಾಗಿ ಒಂದೇ ಮನೆಯ ಅಣ್ಣ ಓದಿದ ನಿಯಮ ತಂಗಿಗೆ ಅನ್ವಯಿಸದೆ ಇರಬಹುದು. ಹಿರಿಯ ವಿದ್ಯಾರ್ಥಿಗಳ ಮಾತು ನಂಬುವ ಬದಲು ತಮ್ಮ ವರ್ಷದ ನಿಯಮಾವಳಿಯನ್ನೇ ಓದುವುದು ಕ್ಷೇಮ.

ತಪ್ಪು ಯಾರದು?

ವಿದ್ಯಾರ್ಥಿಗಳ ಬೇಸರಕ್ಕೆ ಕಾರಣವಿಲ್ಲದಿಲ್ಲ. ಅನೇಕ ಕಡೆ ಈ ಪಾಠಗಳಿಗೆ ದೊರೆಯುವುದು ದಿನದ ಕೊನೆಯ ಅವಧಿ, ಎರಡು ಮೂರು ತರಗತಿ ಒಟ್ಟಿಗೆ ಕೂರಿಸಿದ ಸಭಾಂಗಣ, ಬಿಡುವಾಗಿರುವ ಉಪನ್ಯಾಸಕರು. ಪರೀಕ್ಷೆಗೆ ಗೈಡೇ ಗತಿ. ಊರಿನ ಕೆರೆಯನ್ನು ನೋಡದೆ ಪರಿಸರ, ಗ್ರಾಮಸಭೆಗೆ ಹೋಗದೆ ಸಂವಿಧಾನ ಕಲಿತರೆ ಉಳಿಯುವುದು ಬಾಯಿಪಾಠ ಮಾತ್ರ. ಕಾಲೇಜುಗಳು ಇದನ್ನು ಸರಿಪಡಿಸದೆ ಮಕ್ಕಳನ್ನಷ್ಟೇ ದೂರುವುದು ನ್ಯಾಯವಲ್ಲ.

ಪ್ರವೇಶದ ಸಮಯದಲ್ಲಿ ಪೋಷಕರು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಕಡ್ಡಾಯ ಪತ್ರಿಕೆಗಳು ಯಾವುವು, ಯಾವ ಸೆಮಿಸ್ಟರ್‌ನಲ್ಲಿ ಬರುತ್ತವೆ? ಅವುಗಳ ಅಂಕ ದರ್ಜೆಯ ಲೆಕ್ಕಕ್ಕೆ ಸೇರುತ್ತದೆಯೇ? ಅವನ್ನು ಕಲಿಸುವವರು ಯಾರು? ವಿದ್ಯಾರ್ಥಿಗಳಿಗೆ ಒಂದೇ ಸಲಹೆ: ಆಯ್ಕೆಯ ಅವಕಾಶ ಇದ್ದಲ್ಲಿ ಸುಲಭವಾಗಿ ಅಂಕ ಬರುವುದನ್ನಲ್ಲ, ಮುಂದೆ ತಾವಾಗಿಯೇ ಎಂದೂ ಓದಲಾರದ ವಿಷಯವನ್ನು ಆರಿಸಿಕೊಳ್ಳಿ.

'ದೇಶ ಸುತ್ತು, ಕೋಶ ಓದು' ಎಂದರು ಹಿರಿಯರು. ಕಲಿತ ಸಾಫ್ಟ್‌ವೇರ್ ಹಳತಾಗುತ್ತದೆ, ತೆರಿಗೆಯ ನಿಯಮ ತಿದ್ದುಪಡಿಯಾಗುತ್ತದೆ. ತನ್ನ ಹಕ್ಕು ಯಾವುದು, ಕುಡಿಯುವ ನೀರು ಎಲ್ಲಿಂದ ಬರುತ್ತದೆ, ಮನಸ್ಸಿನಲ್ಲಿದ್ದುದನ್ನು ನಾಲ್ಕು ಸಾಲಿನಲ್ಲಿ ಹೇಗೆ ಬರೆಯಬೇಕು ಎಂಬ ತಿಳಿವಳಿಕೆ ಮಾತ್ರ ನೌಕರಿ ಬದಲಾದರೂ ಜೊತೆಗೆ ಬರುತ್ತದೆ.