ಮೇಣದ ಕಡ್ಡಿಯ ಚಿತ್ರಕಲೆ

ಸಕಲೇಶಪುರದಿಂದ ಮಂಗಳೂರಿನ ದಾರಿ ಹಿಡಿದು ಹೊರಟವರಿಗೆ ಸ್ವಲ್ಪ ದೂರದಲ್ಲಿಯೇ ಆನೇಮಹಲ್ ಎಂಬ ಊರು ಸಿಕ್ಕುತ್ತದೆ. ಸುತ್ತಲೂ ಕಾಫಿಯ ತೋಟಗಳು. ಸಮೀಪದ ಗುಡ್ಡದ ನೆತ್ತಿಯಲ್ಲಿ ಟಿಪ್ಪು ಸುಲ್ತಾನನು ಕಟ್ಟಿಸಿದ, ೧೭೯೨ರಲ್ಲಿ ಮುಗಿದ ಮಂಜರಾಬಾದಿನ ಕೋಟೆ. ಎಂಟು ಮೂಲೆಗಳ ನಕ್ಷತ್ರದ ಆಕಾರದಲ್ಲಿರುವ ಈ ಕೋಟೆಯನ್ನೂ ಅದರ ಕೆಳಗಿನ ಹಸಿರನ್ನೂ ಕಂಡ ಯಾರಿಗಾದರೂ ಅದನ್ನು ಚಿತ್ರಿಸಬೇಕೆಂಬ ಆಸೆ ಹುಟ್ಟುವುದು ಸಹಜ. ಆದರೆ ಆಷಾಢದಲ್ಲಿ ನೀರುಬಣ್ಣದ ಪೆಟ್ಟಿಗೆಯೊಡನೆ ಇಲ್ಲಿಯ ಜಗುಲಿಯ ಮೇಲೆ ಕುಳಿತವರ ಪಾಡು ಹೇಳತೀರದು. ಬಳಿದ ಬಣ್ಣ ಎಷ್ಟು ಹೊತ್ತಾದರೂ ಆರುವುದಿಲ್ಲ. ಒಂದು ಬಣ್ಣ ಆರುವ ಮೊದಲೇ ಇನ್ನೊಂದನ್ನು ಬಳಿದರೆ ಎರಡೂ ಹರಿದು ಕೂಡಿ ಕೆಸರಿನ ಬಣ್ಣವಾಗುತ್ತದೆ. ನೀರುಬಣ್ಣ ಆರುವುದೆಂದರೆ ಅದರಲ್ಲಿರುವ ನೀರು ಆವಿಯಾಗಿ ಗಾಳಿಯನ್ನು ಸೇರುವುದು. ಗಾಳಿಯೇ ತೇವದಿಂದ ತುಂಬಿ ತುಳುಕುತ್ತಿರುವಾಗ ಆ ನೀರಿಗೆ ಹೋಗಲು ಎಡೆಯೆಲ್ಲಿ?

ಅದೇ ಜಗುಲಿಯಲ್ಲಿ ಶಾಲೆಯ ಹುಡುಗನೊಬ್ಬನು ಕ್ರೇಯಾನ್ ಹಿಡಿದು ಕುಳಿತನೆನ್ನಿ. ಅವನಿಗೆ ಈ ತೊಂದರೆ ಯಾವುದೂ ಇಲ್ಲ. ಅವನ ಬಣ್ಣದಲ್ಲಿ ನೀರೇ ಇಲ್ಲವಾದುದರಿಂದ ಆರಬೇಕಾದುದೂ ಏನೂ ಇಲ್ಲ. ಎಳೆದ ಗೆರೆ ಎಳೆದ ಕ್ಷಣದಲ್ಲಿಯೇ ಸಿದ್ಧವಾದ ಗೆರೆ. ಇಂಥ ಉಪಕಾರಿಯಾದ ಸಾಧನವನ್ನು ನಾವು ಮಕ್ಕಳಾಟದ ಸಾಮಾನೆಂದು ಬದಿಗೊತ್ತಿದ್ದೇವೆ. ಹುಡುಗನು ದೊಡ್ಡ ತರಗತಿಗೆ ಹೋದೊಡನೆ ಅದನ್ನು ಕೈಯಿಂದ ಕಿತ್ತು ಕುಂಚವನ್ನು ಕೊಡುತ್ತೇವೆ. ಈ ಉಪೇಕ್ಷೆ ತಕ್ಕುದೇ ಎಂಬುದನ್ನು ತಿಳಿಯಬೇಕಾದರೆ ಆ ಕಡ್ಡಿಯೊಳಗೆ ಏನಿದೆ, ಅದು ಕಾಗದದ ಮೇಲೆ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಕ್ರೇಯಾನ್ ಎಂಬ ಮಾತು ಸೀಮೆಸುಣ್ಣಕ್ಕಿರುವ ಫ್ರೆಂಚ್ ಪದದಿಂದ ಬಂದುದು. ಇಂದಿನ ಸಾಮಾನ್ಯ ಕಡ್ಡಿಯಲ್ಲಾದರೋ ಸುಣ್ಣಕ್ಕಿಂತ ಮೇಣವೇ ಪ್ರಧಾನ. ಕಲ್ಲೆಣ್ಣೆಯಿಂದ ದೊರೆಯುವ ಪ್ಯಾರಾಫಿನ್ ಮೇಣವನ್ನು ಕರಗಿಸಿ, ಅದಕ್ಕೆ ನುಣ್ಣಗೆ ಅರೆದ ಬಣ್ಣದ ಪುಡಿಯನ್ನು ಬೆರೆಸಿ, ಗಡಸುತನಕ್ಕಾಗಿ ಸ್ಟಿಯರಿಕ್ ಆಮ್ಲವನ್ನೂ ಮೈ ತುಂಬಲು ಬಿಳಿಯ ಜೇಡಿಯಂಥ ಪುಡಿಯನ್ನೂ ಸೇರಿಸಿ ಅಚ್ಚಿನಲ್ಲಿ ಹೊಯ್ದು ಆರಿಸುತ್ತಾರೆ. ಬಣ್ಣವು ಮೇಣದಲ್ಲಿ ಸಕ್ಕರೆ ನೀರಿನಲ್ಲಿ ಕರಗುವಂತೆ ಕರಗಿರುವುದಿಲ್ಲ. ಕಣಕಣವಾಗಿ ಹರಡಿಕೊಂಡು ಸಿಕ್ಕಿಕೊಂಡಿರುತ್ತದೆ. ಅಮೆರಿಕದ ಬಿನ್ನಿ ಮತ್ತು ಸ್ಮಿತ್ ಎಂಬ ಕಂಪೆನಿಯು ೧೯೦೩ರಲ್ಲಿ ಎಂಟು ಬಣ್ಣಗಳ ಪೆಟ್ಟಿಗೆಯನ್ನು ಐದು ಸೆಂಟುಗಳಿಗೆ ಮಾರತೊಡಗಿದ ಮೇಲೆ ಇಂಥ ಕಡ್ಡಿಗಳು ಶಾಲೆಶಾಲೆಗೂ ಹರಡಿದುವು. ಮೈ ತುಂಬುವ ಪುಡಿಯ ವಿಷಯದಲ್ಲಿಯೂ ಎಚ್ಚರ ಬೇಕು: ೨೦೦೦ದಲ್ಲಿ ಅಮೆರಿಕದ ಕೆಲವು ಕಡ್ಡಿಗಳ ಟಾಲ್ಕ್ ಪುಡಿಯಲ್ಲಿ ಕಲ್ನಾರಿನ ಲೇಶವು ಕಂಡುಬಂದು, ಅಪಾಯ ತೀರ ಅಲ್ಪವೆಂದು ಪರೀಕ್ಷಕರು ಹೇಳಿದರೂ, ತಯಾರಕರು ಪಾಕವನ್ನೇ ಬದಲಾಯಿಸಲು ಒಪ್ಪಿದರು.

ಮೇಣದಿಂದ ಬಣ್ಣ ಕಟ್ಟುವುದು ಹೊಸತೇನೂ ಅಲ್ಲ. ಈಜಿಪ್ಟಿನ ಫಯೂಮ್ ಪ್ರಾಂತದಲ್ಲಿ ಕ್ರಿಸ್ತಶಕದ ಮೊದಲ ಶತಮಾನಗಳಲ್ಲಿ ಸತ್ತವರ ಮುಖಚಿತ್ರಗಳನ್ನು ಹಲಗೆಯ ಮೇಲೆ ಬಿಡಿಸಿ ಶವದೊಡನೆ ಇಡುತ್ತಿದ್ದರು. ಅವುಗಳಲ್ಲಿ ಅನೇಕವು ಜೇನುಮೇಣದ ಬಣ್ಣದವು. ಸಾವಿರದ ಏಳುನೂರಕ್ಕೂ ಹೆಚ್ಚು ವರ್ಷಗಳಾದ ಮೇಲೂ ಆ ಕಣ್ಣುಗಳು ನಮ್ಮನ್ನು ನೋಡುತ್ತಿವೆ. ನಮ್ಮ ಚನ್ನಪಟ್ಟಣದ ಬೊಂಬೆಯೂ ಈ ಕುಲಕ್ಕೆ ದೂರದ ನಂಟು. ಅಲ್ಲಿ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ತಿರುಗುವ ಮರದ ತುಂಡಿಗೆ ಒತ್ತಿ ಹಿಡಿಯುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಅರಗಿನ ಬದಲು ಮೇಣ, ಮರದ ಬದಲು ಕಾಗದ, ಯಂತ್ರದ ಬದಲು ಕೈ ಎಂದುಕೊಂಡರೆ ಕ್ರೇಯಾನಿನ ಕೆಲಸ ಅರ್ಥವಾಗುತ್ತದೆ.

ಈಗ ಕಾಗದದ ಮಾತು. ಕಣ್ಣಿಗೆ ಸಮನಾಗಿ ಕಾಣುವ ಕಾಗದವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮಲೆನಾಡಿನಂತೆಯೇ ಏರುತಗ್ಗು. ನಾರುಗಳು ಹೆಣೆದುಕೊಂಡು ದಿಣ್ಣೆಗಳೂ ಕಣಿವೆಗಳೂ ಆಗಿರುತ್ತವೆ. ಇದನ್ನೇ ಕಾಗದದ ತರಿ ಎನ್ನುವುದು. ಕಡ್ಡಿಯನ್ನು ಹಗುರವಾಗಿ ಎಳೆದಾಗ ದಿಣ್ಣೆಗಳ ನೆತ್ತಿ ಮಾತ್ರ ಮೇಣವನ್ನು ಕೆರೆದುಕೊಳ್ಳುತ್ತದೆ. ಕಣಿವೆಗಳು ಬೆಳ್ಳಗೆ ಉಳಿಯುತ್ತವೆ. ಒತ್ತಿ ಎಳೆದರೆ ಮೇಣವು ಕಣಿವೆಗೂ ಇಳಿಯುತ್ತದೆ. ಆದುದರಿಂದ ಒಂದೇ ನೀಲಿಯ ಕಡ್ಡಿಯಿಂದ ದೂರದ ಬೆಟ್ಟದ ಮಸಕನ್ನೂ ಹತ್ತಿರದ ಬಂಡೆಯ ಕಪ್ಪನ್ನೂ ಪಡೆಯಬಹುದು. ಬೇಕಾದುದು ಬೇರೆ ಬಣ್ಣವಲ್ಲ, ಬೇರೆ ಒತ್ತಡ. ಫ್ರೆಂಚ್ ಚಿತ್ರಕಾರ ಸ್ಯೂರಾ ೧೮೮೦ರ ದಶಕದಲ್ಲಿ ತರಿಯುಳ್ಳ ಕಾಗದದ ಮೇಲೆ ಕೊಂಟೆ ಎಂಬ ಕಪ್ಪು ಕಡ್ಡಿಯಿಂದ ಬಿಡಿಸಿದ ಚಿತ್ರಗಳಲ್ಲಿ ಸುತ್ತುಗೆರೆಯೇ ಇಲ್ಲವೆನ್ನಬಹುದು. ಆ ಕಡ್ಡಿ ಮೇಣದ್ದಲ್ಲದಿದ್ದರೂ ತತ್ತ್ವ ಇದೇ. ಕತ್ತಲಿನಿಂದ ಮನುಷ್ಯನ ಆಕಾರ ಮೆಲ್ಲಗೆ ಎದ್ದುಬರುತ್ತದೆ. ಅರ್ಧ ಕೆಲಸ ಕಾಗದದ್ದು.

ಎರಡು ಬಣ್ಣಗಳನ್ನು ಇಲ್ಲಿ ಬಟ್ಟಲಿನಲ್ಲಿ ಕಲಸುವಂತಿಲ್ಲ. ಹಳದಿಯ ಮೇಲೆ ನೀಲಿಯನ್ನು ಹಗುರವಾಗಿ ಎಳೆದರೆ, ನೀಲಿಯ ಸಂದುಗಳಲ್ಲಿ ಹಳದಿ ಇಣುಕಿ, ತೆಳುವಾದ ನೀಲಿಯ ಮೂಲಕವೂ ತೋರಿ, ನೋಡುವವನ ಕಣ್ಣಿನಲ್ಲಿ ಹಸಿರಾಗುತ್ತದೆ. ಕಲಸಿದ ಹಸಿರಿಗಿಂತ ಇದು ಜೀವಂತ. ಕಾಫಿತೋಟದ ಹಸಿರು ಒಂದೇ ಹಸಿರಲ್ಲವೆಂಬುದನ್ನು ಆನೇಮಹಲಿನವರಿಗೆ ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ಇದಕ್ಕೊಂದು ಮಿತಿಯುಂಟು. ನಾಲ್ಕೈದು ಸಲ ತಿಕ್ಕುವಷ್ಟರಲ್ಲಿ ಕಣಿವೆಗಳೆಲ್ಲ ತುಂಬಿ, ಮೇಣದ ಮೇಲೆ ಮೇಣ ಜಾರತೊಡಗುತ್ತದೆ. ಅಳಿಸಲೂ ಆಗದು; ರಬ್ಬರು ತಿಕ್ಕಿದರೆ ಬಣ್ಣ ಬಳಿದುಕೊಳ್ಳುತ್ತದೆಯೇ ಹೊರತು ಹೋಗುವುದಿಲ್ಲ. ತಪ್ಪಿದ ಗೆರೆಯನ್ನೂ ಚಿತ್ರದೊಳಗೆ ಸೇರಿಸಿಕೊಳ್ಳದೆ ಗತಿಯಿಲ್ಲ. ನಮ್ಮ ಶಾಲೆಗಳಲ್ಲಿ ಅಚ್ಚಾದ ಸುತ್ತುಗೆರೆಯೊಳಗೆ ಬಿಳಿಯ ಚುಕ್ಕೆ ಉಳಿಯದಂತೆ ಬಣ್ಣ ತುಂಬಿಸಿ, ಗೆರೆ ದಾಟಿದರೆ ಅಂಕ ಕಳೆಯುವ ಪದ್ಧತಿಯುಂಟಷ್ಟೆ. ಅದು ಕೈಗೆ ಅಭ್ಯಾಸವಾಗಬಹುದು, ಬೇಡವೆನ್ನುವುದಿಲ್ಲ. ಆದರೆ ಆ ಬಿಳಿಯ ಚುಕ್ಕೆಗಳಲ್ಲಿಯೇ ಈ ಕಡ್ಡಿಯ ಬೆಳಕು ಇರುವುದು. ಅದನ್ನು ಮುಚ್ಚಿಸಿ, ಆಮೇಲೆ ಕ್ರೇಯಾನಿನಲ್ಲಿ ಕಲೆಯಿಲ್ಲವೆಂದು ದೂರುವುದು ನ್ಯಾಯವಲ್ಲ.

ಮೇಣದ ಇನ್ನೊಂದು ಗುಣ ಮಳೆಯ ಸೀಮೆಯವರಿಗೆ ಚೆನ್ನಾಗಿ ಗೊತ್ತಿರುವುದೇ. ಕೆಸುವಿನ ಎಲೆಯ ಮೇಲೆ ಬಿದ್ದ ಹನಿ ಮುತ್ತಿನಂತೆ ಉರುಳಿಹೋಗುವುದನ್ನು ನೋಡಿದ್ದೀರಿ. ಆ ಎಲೆಯ ಮೈಮೇಲೆ ಅತಿ ಸೂಕ್ಷ್ಮವಾದ ಉಬ್ಬುಗಳೂ ಮೇಣದ ಲೇಪವೂ ಇವೆ. ನೀರಿನ ಅಣುಗಳಿಗೆ ತಮ್ಮತಮ್ಮೊಳಗಿನ ಆಕರ್ಷಣೆ ಹೆಚ್ಚು, ಮೇಣದ ಅಣುಗಳ ಮೇಲೆ ಕಡಮೆ. ಆದಕಾರಣ ನೀರು ಮೇಣದ ಮೇಲೆ ಹರಡದೆ ಗುಂಡಗಾಗುತ್ತದೆ. ಕಾಗದದ ಮೇಲೆ ಬಿಳಿಯ ಕ್ರೇಯಾನಿನಿಂದ ಏನನ್ನಾದರೂ ಬರೆಯಿರಿ, ಏನೂ ಕಾಣದು. ಮೇಲೆ ನೀರು ಬೆರೆಸಿದ ನೀಲಿಯ ಶಾಯಿಯನ್ನು ಸವರಿರಿ. ಬರೆದುದು ಬೆಳ್ಳಗೆ ಎದ್ದು ನಿಲ್ಲುತ್ತದೆ. ಇಂಗ್ಲೆಂಡಿನ ಶಿಲ್ಪಿ ಹೆನ್ರಿ ಮೂರ್ ತನ್ನ ಅಣ್ಣತಮ್ಮಂದಿರ ಮನೆಯದೋ ಅಕ್ಕತಂಗಿಯರ ಮನೆಯದೋ ಒಂದು ಮಗುವಿಗೆ ಅಗ್ಗದ ಕ್ರೇಯಾನಿನಿಂದ ಚಿತ್ರ ಬರೆದುಕೊಡುವಾಗ ಈ ಉಪಾಯ ಅವನಿಗೆ ಹೊಳೆಯಿತು. ೧೯೪೦-೪೧ರಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಬೀಳುತ್ತಿದ್ದಾಗ, ನೆಲದಡಿಯ ರೈಲುನಿಲ್ದಾಣಗಳಲ್ಲಿ ಸಾಲುಸಾಲಾಗಿ ಮಲಗಿದ್ದ ಜನರನ್ನು ಅವನು ಬಿಡಿಸಿದುದು ಇದೇ ಕ್ರಮದಲ್ಲಿ. ಮೇಣ ಹತ್ತಿದ ದೇಹಗಳು ಕಪ್ಪು ನೀರುಬಣ್ಣವನ್ನು ಹಿಮ್ಮೆಟ್ಟಿಸಿ ಸುರಂಗದ ಕತ್ತಲಿನಲ್ಲಿ ಹೊಳೆಯುತ್ತವೆ. ಮಕ್ಕಳ ಕಡ್ಡಿಯಿಂದ ಹುಟ್ಟಿದ ಆ ಚಿತ್ರಗಳನ್ನು ಮಕ್ಕಳಾಟವೆಂದವರು ಯಾರೂ ಇಲ್ಲ. ಮಂಜರಾಬಾದಿನ ಮಂಜಿಗೂ ಇದು ಒಗ್ಗುವ ಕ್ರಮವೇ. ಮಂಜು ಇರುವೆಡೆಯಲ್ಲೆಲ್ಲ ಬಿಳಿಯ ಮೇಣವನ್ನು ಮೊದಲೇ ಎಳೆದಿಟ್ಟರಾಯಿತು, ಮಳೆ ಬಿಟ್ಟ ದಿನ ನೀರುಬಣ್ಣ ಸವರಬಹುದು.

ಕಾಫಿಯ ಎಲೆಯೊಂದನ್ನು ಬೆನ್ನು ಮೇಲಾಗಿ ಇಟ್ಟು, ಮೇಲೆ ತೆಳುವಾದ ಕಾಗದ ಹಾಸಿ, ಸುತ್ತಿದ ಕಾಗದ ಬಿಚ್ಚಿದ ಕಡ್ಡಿಯನ್ನು ಅಡ್ಡಲಾಗಿ ಹಿಡಿದು ತಿಕ್ಕಿದರೆ ನಡುನರವೂ ಕವಲುನರಗಳೂ ಒಂದೊಂದಾಗಿ ಮೂಡುತ್ತವೆ. ಜರ್ಮನಿಯಲ್ಲಿ ಹುಟ್ಟಿದ ಮ್ಯಾಕ್ಸ್ ಅರ್ನ್ಸ್ಟ್ ಎಂಬ ಚಿತ್ರಕಾರನು ೧೯೨೫ರಲ್ಲಿ ಸವೆದ ಹಲಗೆಯ ನೆಲದಿಂದ ಇಂಥ ಉಜ್ಜುಚಿತ್ರಗಳನ್ನು ತೆಗೆಯತೊಡಗಿದನು. ಕೋಟೆಯ ಕಲ್ಲಿನ ಮೇಲೂ ಹೀಗೆ ಮಾಡಲು ಕೈ ತುರಿಸೀತು. ಮೇಣವು ಸಂರಕ್ಷಿತ ಕಟ್ಟಡಕ್ಕೆ ಹತ್ತಿದರೆ ತೆಗೆಯುವುದು ಕಷ್ಟ, ಆದುದರಿಂದ ಎಲೆಗಳಿಂದಲೇ ತೃಪ್ತಿಪಡಬೇಕು.

ಚಿತ್ರವನ್ನು ಕಾಪಾಡುವುದು ಹೇಗೆ? ಮೇಣ ಉಳಿದರೂ ಅದರೊಳಗಿನ ಅಗ್ಗದ ಬಣ್ಣಗಳು ಬಿಸಿಲಿಗೆ ಮಾಸುತ್ತವೆ. ದಪ್ಪವಾಗಿ ತಿಕ್ಕಿದೆಡೆ ಕೆಲವು ತಿಂಗಳಲ್ಲಿ ಬೂದಿಯಂಥ ಬಿಳುಪು ಕಾಣಬಹುದು. ಅದು ಮೇಲೆ ಬಂದ ಮೇಣವಾದರೆ ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿದರೆ ಹೋಗುತ್ತದೆ. ಆದರೆ ಮಲೆನಾಡಿನಲ್ಲಿ ಅದು ಬೂಷ್ಟೂ ಆಗಿರಬಹುದು. ಬೂಷ್ಟು ಹಿಡಿಯುವುದು ಮೇಣಕ್ಕಿಂತ ಹೆಚ್ಚಾಗಿ ಕಾಗದಕ್ಕೆ. ಆದುದರಿಂದ ಚಿತ್ರಗಳ ನಡುವೆ ಬೆಣ್ಣೆಕಾಗದವನ್ನಿಟ್ಟು ತೇವ ತಾಕದ ಪೆಟ್ಟಿಗೆಯಲ್ಲಿ ಇಡುವುದು ಲೇಸು. ಮಳೆಗಾಲದಲ್ಲಿ ನಮ್ಮವರು ಎಲ್ಲವನ್ನೂ ಬೆಚ್ಚಗಿಡುವ ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಇದನ್ನು ಇಡಬಾರದು. ಪ್ಯಾರಾಫಿನ್ ಮೇಣವು ಜಾತಿಗನುಗುಣವಾಗಿ ಸುಮಾರು ೪೬ರಿಂದ ೬೮ ಡಿಗ್ರಿ ಸೆಂಟಿಗ್ರೇಡಿನೊಳಗೆ ಕರಗುತ್ತದೆ. ಅದಕ್ಕೆ ಎಷ್ಟೋ ಮೊದಲೇ ಮೆತ್ತಗಾಗಿ ಮೇಲಿನ ಹಾಳೆಗೆ ಅಂಟಿಕೊಳ್ಳುತ್ತದೆ.