ಸಿಕ್ಕಿಬಿದ್ದವನು ಹುಡುಗ, ಕಳಿಸಿದವನು ಯಾರು?



ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ಹೊಗೆಸೊಪ್ಪಿನ ಹಂಗಾಮು ಎಂದರೇನೆಂದು ವಿವರಿಸಬೇಕಾಗಿಲ್ಲ. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಬ್ಯಾರನ್‌ಗೆ ಏರಿಸಿ ಹದಮಾಡುವವರೆಗೆ ಮನೆಮಂದಿಗೆಲ್ಲ ಬಿಡುವಿಲ್ಲ. ಆಗ ಶಾಲೆ ತಪ್ಪಿಸಿದ ಹುಡುಗ ಮತ್ತೆ ತರಗತಿಗೆ ಬಾರದೇ ಹೋಗುವುದುಂಟು. ಎಚ್.ಡಿ. ಕೋಟೆಯ ಹಾಡಿಗಳಲ್ಲಿ ತಂದೆತಾಯಿ ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋದಾಗಲೂ ಹೀಗೇ ಆಗುತ್ತದೆ.

ಇಂಥ ಹದಿನಾಲ್ಕರ ಹುಡುಗನೊಬ್ಬನನ್ನು ಊಹಿಸಿಕೊಳ್ಳಿ. ಕೆ.ಆರ್. ನಗರದ ಕಡೆ ಯಾರದೋ ಜಮೀನಿನ ಪಂಪ್‌ಸೆಟ್ ಕೇಬಲ್ ಕತ್ತರಿಸಿ ತರಲು ದೊಡ್ಡವನೊಬ್ಬ ಅವನನ್ನು ಕಳಿಸುತ್ತಾನೆ. ತಾಮ್ರ ಮಾರಿದ ಹಣ ದೊಡ್ಡವನಿಗೆ. ಹುಡುಗನಿಗೆ ಒಂದು ಊಟ, ಐವತ್ತು ರೂಪಾಯಿ. ಸಿಕ್ಕಿಬೀಳುವವನು ಮಾತ್ರ ಹುಡುಗ. ಊರು ಅವನನ್ನು ಕಳ್ಳ ಎನ್ನುತ್ತದೆ. ಕಾನೂನು ಹಾಗೆನ್ನುವುದಿಲ್ಲ, ‘ಕಾನೂನಿನೊಡನೆ ಸಂಘರ್ಷಕ್ಕೊಳಗಾದ ಮಗು’ ಎನ್ನುತ್ತದೆ. ಮಾತು ಉದ್ದವಾಯಿತು, ನಿಜ. ಆದರೆ ಅದರ ಹಿಂದೆ ಒಂದು ವಿಚಾರವಿದೆ.

1986ರಲ್ಲಿ ಪತ್ರಕರ್ತೆ ಶೀಲಾ ಬಾರ್ಸೆಯವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟು, ಮಕ್ಕಳನ್ನು ಜೈಲಿನಲ್ಲಿಡಬಾರದು, ಇಡಲು ಬೇರೆ ಜಾಗವಿಲ್ಲದಿದ್ದರೆ ಜಾಮೀನಿನ ಮೇಲೆ ಬಿಡಬೇಕು ಎಂದಿತು. ಅದೇ ವರ್ಷ ಬಂದ ಬಾಲನ್ಯಾಯ ಕಾಯ್ದೆಯಲ್ಲಿ ಹುಡುಗರಿಗೆ ಹದಿನಾರು, ಹುಡುಗಿಯರಿಗೆ ಹದಿನೆಂಟು ವಯಸ್ಸಿನ ಮಿತಿಯಿತ್ತು. 2000ದ ಕಾಯ್ದೆ ಇಬ್ಬರಿಗೂ ಹದಿನೆಂಟು ಮಾಡಿತು. ಈಗಿರುವುದು 2015ರ ಕಾಯ್ದೆ. ಇದರಂತೆ ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ತರಬೇಕು. ಮಂಡಳಿಯಲ್ಲಿ ಒಬ್ಬ ಮ್ಯಾಜಿಸ್ಟ್ರೇಟರು, ಇಬ್ಬರು ಸಮಾಜ ಕಾರ್ಯಕರ್ತರು. ಅವರಲ್ಲಿ ಒಬ್ಬರು ಮಹಿಳೆ. ಮಕ್ಕಳನ್ನು ಕಾನೂನುಬಾಹಿರ ಕೆಲಸಕ್ಕೆ ಬಳಸುವ ವಯಸ್ಕನಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡವೂ ಇದೇ ಕಾಯ್ದೆಯಲ್ಲಿದೆ. ಕೇಬಲ್ ತರಿಸಿದವನನ್ನು ಹುಡುಕದೆ ಹುಡುಗನನ್ನಷ್ಟೇ ಹಿಡಿದರೆ ಕೆಲಸ ಅರ್ಧವೇ ಆದಂತೆ.

ಇನ್ನು ಜನ ‘ರಿಮ್ಯಾಂಡ್ ಹೋಮ್’ ಎನ್ನುವ ವೀಕ್ಷಣಾಲಯದ ಮಾತು. ಹೊರಗೆ ಶೋಷಣೆಗೆ ಸಿಕ್ಕ ಹುಡುಗ ಒಳಗೂ ಅದಕ್ಕೆ ಸಿಕ್ಕಬಹುದು. ದೊಡ್ಡ ಹುಡುಗರು ಚಿಕ್ಕವರಿಂದ ಬಟ್ಟೆ ಒಗೆಸುವುದು, ಅವರ ಊಟ ಕಿತ್ತುಕೊಳ್ಳುವುದು, ಇನ್ನೂ ಹೇಳಲಾಗದ ಹಿಂಸೆ ಕೊಡುವುದು ಇಂಥ ಮನೆಗಳಲ್ಲಿ ಇರುವ ಅಪಾಯ. ಅದಕ್ಕೆಂದೇ ವಯಸ್ಸು, ಆರೋಪದ ಗಾಂಭೀರ್ಯ ನೋಡಿ ಮಕ್ಕಳನ್ನು ಬೇರೆ ಬೇರೆ ಇಡಬೇಕೆಂಬ ನಿಯಮವಿದೆ. ಮಂಡಳಿಯವರು ತಿಂಗಳಿಗೊಮ್ಮೆಯಾದರೂ ಭೇಟಿ ಕೊಡಬೇಕು. ಸಿಬ್ಬಂದಿಯೇ ಕ್ರೌರ್ಯ ಎಸಗಿದರೆ ಐದು ವರ್ಷದವರೆಗೆ ಸಜೆ. ಆದರೂ ಹೆದರಿದ ಹುಡುಗ ಬಾಯಿ ಬಿಡುವುದು ತನ್ನವರೊಬ್ಬರು ಎದುರು ಕುಳಿತಾಗಲೇ. ಕೋಟೆ ಕಡೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರು. ತಾಯಿ ಬಂದು ಹೋದರೆ ಅಂದಿನ ಕೂಲಿ ಹೋಯಿತು, ಬಸ್ ಚಾರ್ಜು ಬೇರೆ.

ಪುನರ್ವಸತಿ ಎಂದರೆ ಹೊಲಿಗೆ, ಬಡಗಿ ಕೆಲಸ ಕಲಿಸುವುದಷ್ಟೇ ಎಂದು ಹಲವರ ತಿಳಿವಳಿಕೆ. ಅದು ಶುರುವಾಗುವುದು ಪರಿವೀಕ್ಷಣಾಧಿಕಾರಿಯ ವರದಿಯಿಂದ. ಹುಡುಗನ ಮನೆ, ಶಾಲೆ, ಗೆಳೆತನ, ದುಡಿಮೆ ಎಲ್ಲವನ್ನೂ ವಿಚಾರಿಸಿ ಹದಿನೈದು ದಿನದಲ್ಲಿ ಇದನ್ನು ಕೊಡಬೇಕು. ‘ತಂದೆ ಕೂಲಿ, ಹುಡುಗ ಶಾಲೆ ಬಿಟ್ಟಿದ್ದಾನೆ’ ಎಂದು ಎರಡು ಸಾಲು ಗೀಚಿದರೆ ಏನೂ ತಿಳಿಯದು. ಯಾವ ತಿಂಗಳಲ್ಲಿ ಬಿಟ್ಟ, ಯಾರ ಬ್ಯಾರನ್‌ನಲ್ಲಿ ದುಡಿದ, ಮುಂಗಡ ಪಡೆದವರು ಯಾರು ಎಂದು ಕೇಳಿದರೆ ಕೇಬಲ್ ತರಿಸಿದವನ ಹೆಸರೂ ಹೊರಬಿದ್ದೀತು.

ಬುದ್ಧಿಹೇಳಿ ಮನೆಗೆ ಕಳಿಸುವುದರಿಂದ ಹಿಡಿದು ಮೂರು ವರ್ಷದವರೆಗೆ ವಿಶೇಷ ಗೃಹದಲ್ಲಿಡುವವರೆಗೆ ಮಂಡಳಿ ಆದೇಶ ನೀಡಬಹುದು. ಹದಿನಾರು ದಾಟಿದವರ ಮೇಲೆ ಘೋರ ಅಪರಾಧದ ಆರೋಪವಿದ್ದರೆ ಕ್ರಮ ಬೇರೆ. ನಮ್ಮ ಹುಡುಗನದು ಹಾಗಲ್ಲ. ಅವನ ಹೆಸರು, ಚಿತ್ರವನ್ನು ಪತ್ರಿಕೆ ಪ್ರಕಟಿಸುವಂತಿಲ್ಲ. ಪ್ರಕರಣ ಮುಗಿದ ಮೇಲೆ ನಾಳೆ ಅವನು ಕೆಲಸಕ್ಕೆಂದು ನಡತೆ ಪ್ರಮಾಣಪತ್ರ ಕೇಳಿದಾಗ, ಪೊಲೀಸರು ಈ ಹಳೆಯ ದಾಖಲೆಯನ್ನು ಅದರಲ್ಲಿ ಕಾಣಿಸುವಂತಿಲ್ಲ. ಅವನ ಜೊತೆ ಓದಿದವರು, ಅಂದರೆ ನೀವು, ಅವನನ್ನು ಯಾವ ಹೆಸರಿನಿಂದ ಕರೆಯುತ್ತೀರಿ ಎಂಬುದಕ್ಕೆ ಕಾಯ್ದೆಯಲ್ಲಿ ಕಲಮು ಇಲ್ಲ.